ಹಸಿರು ದೀಪ ಮತ್ತು ಹನ್ನೊಂದು ತಗಡು

ಬೀದಿಯವರೆಲ್ಲ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಅವನ ಮೇಸ್ತ್ರಿ. ಹಳೆಯ ಕಬ್ಬಿಣದ ದೀಪ, ಫ್ಯಾನು, ತಕ್ಕಡಿಗಳ ತುಕ್ಕು ತೆಗೆದು ಬಣ್ಣ ಹಚ್ಚುವ ಅಂಗಡಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ಒಂದು ತಿರುಪು ಬಿಚ್ಚಲು ಅರ್ಧ ಗಂಟೆ ತೆಗೆದುಕೊಂಡಿದ್ದ. ತಿರುಪಿನ ತಲೆ ಕೆಡಬಾರದೆಂಬುದು ಅವನ ಆತಂಕ. ಮೇಸ್ತ್ರಿ ನಕ್ಕು, "ಏನಪ್ಪಾ ನಿಧಾನಪ್ಪಾ, ಸಂಜೆ ಒಳಗೆ ಬಿಚ್ಚಿಕೊಳ್ಳುತ್ತಾ?" ಎಂದರು. ಆಗ ಅಂಟಿದ್ದು ಮೂವತ್ತನಾಲ್ಕು ವರ್ಷವಾದರೂ ಬಿಟ್ಟಿಲ್ಲ. ಈಗ ಅವನದೇ ಅಂಗಡಿಯಿದೆ, ತಲೆ ನರೆತಿದೆ, ಆದರೂ ಗಿರಾಕಿಗಳು "ನಿಧಾನಪ್ಪನವರೇ" ಎಂದೇ ಬಾಗಿಲು ತಟ್ಟುತ್ತಾರೆ.

ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದವರು ಮೇಸ್ತ್ರಿಯ ಹೆಂಡತಿ. ಕಂಕುಳಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ಕಳ್ಳತನ ಮಾಡಿ ಬಂದವರ ಕಳೆ.

"ಒಂದು ಉಪಕಾರ ಆಗ್ಬೇಕಲ್ಲಪ್ಪ," ಎನ್ನುತ್ತಾ ಚೀಲವನ್ನು ಬೆಂಚಿನ ಮೇಲೆ ಬಿಚ್ಚಿದರು. "ಅವರಿಗೆ ಹೇಳಬೇಡ. ಕೇಳಿದ್ರೆ ಎದೆ ಒಡ್ಕೊಂಡು ಸಾಯ್ತಾರೆ."

ಚೀಲದೊಳಗಿದ್ದದ್ದು ಹಸಿರು ದೀಪ.

ಇದೇನು ಸಾಮಾನ್ಯ ದೀಪವಲ್ಲ. ಮೇಜಿನ ಮೇಲಿಡುವ, ಗುಂಡನೆಯ ತಳದ, ಬಾಗಿದ ಕತ್ತಿನ, ಬಟ್ಟಲು ಬೋರಲು ಹಾಕಿದಂಥ ಮುಚ್ಚಳದ ದೀಪ. ಮೇಸ್ತ್ರಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಗುಜರಿಯಲ್ಲಿ ಬಿದ್ದಿದ್ದ ಇದನ್ನು ಎತ್ತಿಕೊಂಡು ಬಂದು, ತುಕ್ಕನ್ನೆಲ್ಲ ಕೆರೆದು, ಮೊದಲು ಎರಡು ಕೈ ಕೆಂಪು ಪ್ರೈಮರ್, ಅದರ ಮೇಲೆ ನಾಲ್ಕು ಕೈ ಹಸಿರು ಎನಾಮಲ್ ಬರೀ ಬ್ರಷ್‌ನಲ್ಲಿ ಬಳಿದಿದ್ದರಂತೆ. ಕಿಟಕಿಯ ಬೆಳಕಿಗೆ ಹೇಗೆ ತಿರುಗಿಸಿದರೂ ಬ್ರಷ್‌ನ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಅಂಗಡಿಯ ನಿಯಮವೆಲ್ಲ ಆ ದೀಪದ ಸುತ್ತ ಹೆಣೆದದ್ದು. ವರ್ಷಕ್ಕೊಮ್ಮೆ ಕೆಲಸಗಾರನು ಅಂಗೈಯಗಲದ ತಗಡಿಗೆ ಅದೇ ಹಸಿರನ್ನು ಬಳಿದು ತರಬೇಕು. ಮೇಸ್ತ್ರಿ ಅದನ್ನು ದೀಪದ ಪಕ್ಕ ಹಿಡಿದು ನೋಡುತ್ತಾರೆ. ಸರಿಸಮ ಬಂತೋ, ಅವನಿಗೆ ಸ್ವಂತ ಬೆಂಚು, ಮಾಡಿದ ಕೆಲಸದ ತಳದಲ್ಲಿ ಸ್ವಂತ ಹೆಸರು ಕೊರೆಯುವ ಹಕ್ಕು. ಬರಲಿಲ್ಲವೋ, ಎರಡೇ ಮಾತು: "ಇನ್ನೂ ಇಲ್ಲ."

ನಿಧಾನಪ್ಪ ಇಪ್ಪತ್ತಾರು ವರ್ಷ "ಇನ್ನೂ ಇಲ್ಲ" ಕೇಳಿದ. ಬ್ರಷ್ ಬದಲಿಸಿದ. ಬಣ್ಣವನ್ನು ಹೆಂಡತಿಯ ಹಳೆಯ ರೇಷ್ಮೆ ಕುಪ್ಪಸದಲ್ಲಿ ಸೋಸಿದ. ಧೂಳೇಳಬಾರದೆಂದು ನೆಲಕ್ಕೆ ನೀರು ಚಿಮುಕಿಸಿದ, ಉಸಿರು ಬಿಗಿಹಿಡಿದು ಬಳಿದ. "ಬಣ್ಣ ಬಳಿಯೋಕೆ ಹೋಗಿ ಉಸಿರಾಡೋದನ್ನೇ ಮರೀಬೇಡಿ" ಎಂದು ಹೆಂಡತಿ ಬದುಕಿದ್ದಷ್ಟು ದಿನ ಅಣಕಿಸಿದಳು. ಮೂವತ್ತನೇ ವಯಸ್ಸಿನಲ್ಲಿ ಒಂದು ದೊಡ್ಡ ಕಾರ್ಖಾನೆಯವರು ತಮ್ಮ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಾ ಎಂದು ಮನೆಗೇ ಬಂದು ಕರೆದರು. ಮೇಸ್ತ್ರಿ ದೀಪದ ಕಡೆ ಗಲ್ಲ ಎತ್ತಿ, "ಹೋಗೋದಾದ್ರೆ ಹೋಗು. ಅರೆಬೆಂದ ಕೈ ಇಟ್ಕೊಂಡು ಹೋಗ್ತೀಯ, ಅಷ್ಟೇ" ಎಂದರು. ಅವನು ಹೋಗಲಿಲ್ಲ.

ಎಂಟು ವರ್ಷದ ಹಿಂದೆ ಕಣ್ಣಿನ ನರ ಬತ್ತಿ ಮೇಸ್ತ್ರಿಗೆ ದೃಷ್ಟಿ ಹೋಯಿತು, ಅಂಗಡಿ ಮುಚ್ಚಿತು. ಆಗ ನಿಧಾನಪ್ಪ ಈ ಚಿಕ್ಕ ಅಂಗಡಿ ತೆರೆದ. ದೀಪವನ್ನು ಮೇಸ್ತ್ರಿ ಅವನ ಕೈಗೆ ಕೊಟ್ಟು, "ಬಿಚ್ಚಬೇಡ, ಉಜ್ಜಬೇಡ, ಬಟ್ಟೆಯಲ್ಲಿ ಒರೆಸು, ಸಾಕು" ಎಂದಿದ್ದರು. ಅವನು ಅಷ್ಟೇ ಮಾಡಿದ. ಸ್ವಂತ ಅಂಗಡಿಯಾದರೂ ಯಾವ ಕೆಲಸದ ತಳದಲ್ಲೂ ಹೆಸರು ಕೊರೆಯಲಿಲ್ಲ. ಯಾರೂ ನೋಡುವವರಿಲ್ಲದಿದ್ದರೂ ದೀಪ ನೋಡುತ್ತಿತ್ತಲ್ಲ. ಎರಡು ವರ್ಷದ ಹಿಂದೆ ಮೇಸ್ತ್ರಿಯ ಮಗ ಬಂದು, "ಅಪ್ಪ ಕೇಳ್ತಿದಾರೆ" ಎಂದು ತೆಗೆದುಕೊಂಡು ಹೋಗಿದ್ದ.

"ಮಗ ಬಾಲ್ಕನಿಯಲ್ಲಿ ರಟ್ಟಿನ ಡಬ್ಬದಲ್ಲಿ ಇಟ್ಟು ಮರೆತುಬಿಟ್ಟಿದ್ದ," ಎಂದರು ಮೇಸ್ತ್ರಿಯ ಹೆಂಡತಿ. "ಮೇಲಿನ ಮನೆ ಪೈಪು ಅದರ ಮೇಲೇ ತೊಟ್ಟಿಕ್ತಿತ್ತು, ಯಾರೂ ನೋಡ್ಲಿಲ್ಲ. ಈಗ ಇವರು ದಿನಾ ಪೀಡಿಸ್ತಿದಾರೆ, ನನ್ನ ದೀಪ ನನ್ನ ಮೇಜಿನ ಮೇಲೆ ತಂದಿಡಿ ಅಂತ. ಕಣ್ಣು ಕಾಣದಿದ್ರೂ ಬೆರಳು ಸುಮ್ಮನಿರುತ್ತೇನಪ್ಪ?"

ತಳವಿಡೀ ತುಕ್ಕಿನ ಹಕ್ಕಳೆ. ಕತ್ತಿನ ಮೇಲೆ ಬಣ್ಣ ಗುಳ್ಳೆಯೆದ್ದಿತ್ತು. ಮುಚ್ಚಳದ ಒಂದು ಪಕ್ಕ ಮಾತ್ರ ಮೊದಲಿನಂತೆ ಹೊಳೆಯುತ್ತಿತ್ತು.

"ಹೇಳಲ್ಲಮ್ಮ. ಭಾನುವಾರ ತರ್ತೀನಿ," ಎಂದ ನಿಧಾನಪ್ಪ.

ಅವರು ಹೋದ ಮೇಲೆ ಅವನಿಗೆ ಸಂಕಟದ ಜೊತೆಗೆ ಸಣ್ಣದೊಂದು ಆಸೆಯೂ ಹುಟ್ಟಿತು. ಮಗಳನ್ನು ಕರೆಯಲು ನೆಪ ಸಿಕ್ಕಿತ್ತು.

ಮಗಳು ಹದಿನೆಂಟು ತುಂಬಿದ್ದೇ ಅಂಗಡಿಗೆ ಬಂದವಳು. ಅವಳಿಗೂ ಅದೇ ತಗಡಿನ ಪರೀಕ್ಷೆ. ಮೇಸ್ತ್ರಿಗಿಂತ ತಾನು ಎಷ್ಟೋ ಉದಾರಿ ಎಂದುಕೊಂಡು ನಿಧಾನಪ್ಪ ವರ್ಷಕ್ಕೆ ಎರಡು ಸಲ ಅವಕಾಶ ಕೊಟ್ಟ. ಮೇಸ್ತ್ರಿ ಶಿಷ್ಯನ ತಗಡನ್ನು ಆ ದಿನವೇ ಥಿನ್ನರ್ ಹಾಕಿ ಒರೆಸಿಬಿಡುತ್ತಿದ್ದರು. ಇವನು ಮಗಳ ಒಂದೊಂದು ತಗಡನ್ನೂ ಮೊಳೆಗೆ ತೂಗುಹಾಕಿದ. ಅವಳ ಕೈ ಪಳಗುತ್ತಾ ಬರುವುದು ಗೋಡೆಯ ಮೇಲೆ ಕಾಣಲಿ ಎಂಬ ಪ್ರೀತಿ ಅದು. ಆದರೆ ಪ್ರತಿಯೊಂದರ ಹಿಂದೆಯೂ ತಾರೀಖು ಹಾಕಿ, ಸೀಮೆಸುಣ್ಣದಲ್ಲಿ "ಇನ್ನೂ ಇಲ್ಲ" ಎಂದು ಬರೆದದ್ದೂ ಅವನೇ. ಹನ್ನೊಂದನೆಯದಾದ ಮೇಲೆ ಅವಳು ಕೆಲಸದ ಮೇಲಂಗಿ ಬಿಚ್ಚಿ ಮೊಳೆಗೆ ಹಾಕಿ, ಊರಾಚೆ ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಸೇರಿದಳು. ಈಗ ಅಲ್ಲಿ ಅವಳ ಕೆಲಸ ಖಾಯಂ ಮಾಡುತ್ತಿದ್ದರು. ಸೋಮವಾರ ಕಾಗದಕ್ಕೆ ಸಹಿ ಬಿದ್ದರೆ ಮೂರು ವರ್ಷ ಬಿಡುವಂತಿಲ್ಲ. ಅಷ್ಟರೊಳಗೆ "ಮನೆಗೆ ಬಾ, ಅಂಗಡಿ ನಿನ್ನದೇ" ಎನ್ನಬೇಕೆಂದು ನಿಧಾನಪ್ಪ ತಿಂಗಳಿನಿಂದ ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಹೇಳುವುದರಲ್ಲೂ ಅವನು ನಿಧಾನಪ್ಪನೇ.

ಶುಕ್ರವಾರ ಅವಳ ವಾರದ ರಜೆ. ಬಂದಳು. ದೀಪವನ್ನು ಕಂಡು, "ಅಯ್ಯೋ, ದೊರೆಗಳಿಗೇ ತುಕ್ಕು ಹಿಡೀತಾ?" ಎಂದು ನಕ್ಕಳು.

"ನಗಬೇಡ. ಕೈ ಹಾಕು."

ಇಬ್ಬರೂ ಬಿಚ್ಚಲು ಕುಳಿತರು. ಹಳೆಯ ವೈರು ಕತ್ತರಿಸಿದರು, ಹೋಲ್ಡರ್ ಕಳಚಿದರು, ತಿರುಪುಗಳನ್ನು ಬಂದ ಕ್ರಮದಲ್ಲೇ ಡಬ್ಬದ ಮುಚ್ಚಳದಲ್ಲಿ ಜೋಡಿಸಿದರು. ಸಣ್ಣ ಭಾಗಗಳು ತುಕ್ಕು ಬಿಡಲೆಂದು ವಿನೆಗರ್‌ನಲ್ಲಿ ಮುಳುಗಿದವು. ತಳದ ಹಕ್ಕಳೆಯನ್ನು ತಂತಿ ಬ್ರಷ್‌ನಲ್ಲಿ ಉದುರಿಸಿ ನಿಧಾನಪ್ಪ ಉಜ್ಜಲು ಒರಟು ಎಮರಿ ಕಾಗದ ಹಿಡಿದ. ಮೇಸ್ತ್ರಿಯ ಕೈಕೆಲಸವನ್ನು ಕೆರೆಯುವುದೆಂದರೆ ಅವನಿಗೆ ಹಿರಿಯರ ಫೋಟೋ ಹರಿದಂತೆ. ಹಸಿರು ಹೋಗುತ್ತಾ ಬಂತು. ಕೆಳಗೆ ಕೆಂಪು ಬರಲಿ ಎಂದು ಅವನು ಕಾಯುತ್ತಿದ್ದ.

ಕೆಂಪು ಬರಲಿಲ್ಲ. ತೆಳ್ಳನೆಯ ಬೂದು ಬಣ್ಣದ ಒಂದು ಪೊರೆ, ಅದರ ಕೆಳಗೆ ನೇರ ಕಬ್ಬಿಣ.

"ಕೆಂಪು ಪ್ರೈಮರ್ ಎಲ್ಲಿ?" ಎಂದ ತನಗೇ. ಇನ್ನೊಂದು ಕಡೆ ಕೆರೆದ. ಅಲ್ಲೂ ಇಲ್ಲ. ಹೊಸ ತುಕ್ಕು ಮುಟ್ಟದ ಜಾಗದಲ್ಲಿ ಕಬ್ಬಿಣ ಕನ್ನಡಿಯಂತೆ ನುಣುಪಾಗಿತ್ತು. ಒಮ್ಮೆ ತುಕ್ಕು ತಿಂದ ಕಬ್ಬಿಣಕ್ಕೆ ಸಿಡುಬಿನ ಕಲೆಯಂಥ ಗುಳಿಗಳು ಉಳಿದೇ ಉಳಿಯುತ್ತವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇಲ್ಲಿ ಒಂದು ಗುಳಿಯಿಲ್ಲ, ಉಜ್ಜಿದ ಒಂದು ಗೀರಿಲ್ಲ.

ಮಗಳು ಮುಚ್ಚಳವನ್ನು ಎತ್ತಿ ಕಿಟಕಿಗೆ ಹಿಡಿದಳು. ಉಗುರನ್ನು ಅಂಚಿನ ಮಡಿಕೆಯೊಳಗೆ ಓಡಿಸಿದಳು. ಆಮೇಲೆ ಕತ್ತಿನ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದಳು.

"ಅಪ್ಪಾ, ಇಲ್ಲಿ ನೋಡು. ಕೊಳವೆ ಒಳಗೂ ಹಸಿರು. ಮಡಿಕೆ ಒಳಗೂ ಹಸಿರು. ಇಲ್ಲಿಗೆ ಯಾವ ಬ್ರಷ್ ಹೋಗುತ್ತೆ?"

ಅವನು ಬಗ್ಗಿ ಕೊಳವೆಯೊಳಗೆ ಇಣುಕಿದ.

"ಈ ತುದಿಯಲ್ಲಿ ಬಣ್ಣ ತೊಟ್ಟಿಕ್ಕಿ ಗಟ್ಟಿಯಾಗಿದೆ. ಈ ತೂತಿನ ಪಕ್ಕ ಚುಕ್ಕೆ ಇದೆಯಲ್ಲ, ಇದು ಕೊಕ್ಕೆ ಗುರುತು. ನಮ್ಮ ಕಾರ್ಖಾನೆಯಲ್ಲಿ ದಿನಾ ನೋಡ್ತೀನಿ. ಕೊಕ್ಕೆಗೆ ನೇತುಹಾಕಿ, ಬಣ್ಣದ ತೊಟ್ಟಿಯಲ್ಲಿ ಅದ್ದಿ, ಒಲೆಯಲ್ಲಿ ಬೇಯಿಸೋದು. ಬೂದು ಪೊರೆನೂ ಅಲ್ಲಿಯದೇ." ಅವಳು ತಂದೆಯ ಮುಖ ನೋಡಿ ದನಿ ತಗ್ಗಿಸಿದಳು. "ಇದನ್ನ ಯಾರೂ ಬ್ರಷ್‌ನಲ್ಲಿ ಬಳಿದಿಲ್ಲಪ್ಪ. ಇದು ಕಾರ್ಖಾನೆಯಿಂದ ಬಂದ ಹಾಗೇ ಇದೆ."

ಕಾಲ ಕೆಳಗಿನ ನೆಲ ಕುಸಿಯಿತು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಅಲ್ಲೇ ಇತ್ತು, ಬೆಂಚೂ ಅಲ್ಲೇ ಇತ್ತು. ನಿಧಾನಪ್ಪ ಎಮರಿ ಕಾಗದವನ್ನು ನಾಲ್ಕಾಗಿ ಮಡಚಿ ಡ್ರಾಯರಿನಲ್ಲಿಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ. ಗುಜರಿ, ತುಕ್ಕು, ಎರಡು ಕೈ ಕೆಂಪು, ನಾಲ್ಕು ಕೈ ಹಸಿರು. ಒಂದಕ್ಷರ ನಿಜವಿರಲಿಲ್ಲ. ಬೆಂಕಿಯಲ್ಲಿ ಬೆಂದ ಬಣ್ಣವನ್ನು ಮುಂದಿಟ್ಟು, ಇದನ್ನು ಕೂದಲ ಬ್ರಷ್‌ನಲ್ಲಿ ತಾ ಎಂದು ಇಪ್ಪತ್ತಾರು ವರ್ಷ ಕಿವಿಯ ಮೇಲೆ ಹೂವಿಟ್ಟಿದ್ದರು. ಅವನು ಆ ಹೂವನ್ನು ಬಾಡದಂತೆ ನೋಡಿಕೊಂಡಿದ್ದ. ಬಟ್ಟೆಯಲ್ಲಿ ಒರೆಸಿದ್ದ.

ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾರ್ಖಾನೆಗೆ ಹೋಗದೆ ಉಳಿದ ಮೂವತ್ತನೇ ವಯಸ್ಸಿನ ಆ ಗಂಡಸಿನ ಕಪಾಳಕ್ಕೆ ಹೊಡೆಯಬೇಕೆನಿಸಿತು.

"ಬಣ್ಣ ನೀನೇ ಬಳಿ," ಎಂದ ಕೊನೆಗೆ. "ನನ್ನ ಕೈ ನಿಲ್ತಿಲ್ಲ."

"ನನ್ನದು ಇನ್ನೂ ಇಲ್ಲ ಅಲ್ವಾ?" ಎಂದಳು ಮಗಳು. ಬೇಕೆಂದೇ ಚುಚ್ಚಿದ್ದು. ಆದರೂ ಮೇಲಂಗಿ ತೊಟ್ಟಳು.

ಅವಳು ಅಂದು ಪ್ರೈಮರ್ ಹಚ್ಚಿದಳು. ಮುಚ್ಚಳದಲ್ಲಿ ಉಳಿದಿದ್ದ ಹಸಿರಿಗೆ ಹೊಂದುವಂತೆ ಬಣ್ಣ ಬೆರೆಸಿಟ್ಟು, ಎರಡು ದಿನ ಕೆಲಸಕ್ಕೆ ರಜೆ ಹಾಕಿ ಶನಿವಾರ ಬಂದು, ಹಳೆಯದನ್ನೂ ಪೂರ್ತಿ ಉಜ್ಜಿ ತೆಗೆದು ಇಡೀ ದೀಪಕ್ಕೆ ತಾನೇ ಬಳಿದಳು. ಒಂದು ಕೈ ಒಣಗುವವರೆಗೆ ಕಾದು, ನೀರು ಹಚ್ಚಿದ ನಯವಾದ ಕಾಗದದಲ್ಲಿ ಸವರಿ ಇನ್ನೊಂದು ಕೈ. ಬೇಗ ಒಣಗಲೆಂದು ಎರಡು ದೊಡ್ಡ ಬಲ್ಬು ಉರಿಸಿಟ್ಟಿದ್ದಳು. ನಿಧಾನಪ್ಪ ಸ್ಟೂಲಿನ ಮೇಲೆ ಕುಳಿತು ನೋಡಿದ. ಅವಳ ಮಣಿಕಟ್ಟು ಒಮ್ಮೆಯೂ ತಡವರಿಸಲಿಲ್ಲ. ಅವಳು ಉಸಿರನ್ನೂ ಬಿಗಿಹಿಡಿಯಲಿಲ್ಲ, ಮೂಗಿನಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ದೀಪ ಜೋಡಿಸುವ ಮೊದಲು ಅವನು ಅಕ್ಷರದ ಉಳಿಗಳ ಡಬ್ಬ ತೆಗೆದ. ಎಂಟು ವರ್ಷದಿಂದ ಮುಚ್ಚಿಯೇ ಇದ್ದದ್ದು. ತಳವನ್ನು ಬಟ್ಟೆಯ ಮೇಲೆ ಬೋರಲಿಟ್ಟು, ಮಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಸುತ್ತಿಗೆಯಿಂದ ಕೊರೆದ. ಮಗಳು ತಡೆಯಲೂ ಇಲ್ಲ, ಹಿಗ್ಗಲೂ ಇಲ್ಲ.

ಮೇಸ್ತ್ರಿಯ ಮನೆ ಮೂರನೇ ಮಹಡಿಯಲ್ಲಿತ್ತು. ಮೇಸ್ತ್ರಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು, ಕಾಣದ ಕಣ್ಣಿಗೂ ಕನ್ನಡಕ ಹಾಕಿಕೊಂಡು. ಅವರ ಹೆಂಡತಿ ನಿಧಾನಪ್ಪನಿಗೆ ಸನ್ನೆ ಮಾಡಿ, ತುಟಿಯ ಮೇಲೆ ಬೆರಳಿಟ್ಟು ಒಳಗೆ ಚಹಾ ಮಾಡಲು ಹೋದರು.

"ಯಾರು, ನಿಧಾನಪ್ಪನಾ? ಜೊತೆಗೆ?"

"ಮಗಳು, ಮೇಸ್ತ್ರಿ. ನಿಮ್ಮ ದೀಪಕ್ಕೆ ಹೊಸ ವೈರು ಹಾಕ್ಸೋಕೆ ಅಮ್ಮ ಕೊಟ್ಟಿದ್ರು. ತಂದಿದೀನಿ."

ಮೇಸ್ತ್ರಿಯ ಮುಖ ಅರಳಿತು. ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಿನಿಂದ ಮುಚ್ಚಳದವರೆಗೆ ಬೆರಳಾಡಿಸಿದರು, ಮತ್ತೆ ಕೆಳಗೆ. ಮಗುವಿನ ಬೆನ್ನು ಸವರಿದ ಹಾಗೆ.

"ಆಹಾ! ನೋಡು ಹುಡುಗಿ, ಮುಟ್ಟಿ ನೋಡು. ಕೈ ಅಂದ್ರೆ ಇದು. ಐವತ್ತು ವರ್ಷದ ಮೇಲಾಯ್ತು ನಾನು ಬಳಿದು. ಬೆರಳಿಗೆ ಒಂದು ಗೆರೆ ಸಿಗುತ್ತಾ? ನಿನ್ನಪ್ಪ ಇಪ್ಪತ್ತಾರು ವರ್ಷ ತಿಣುಕಿದ, ಪಾಪ. ಈ ಹಂತಕ್ಕೆ ಬರ್ಲಿಲ್ಲ."

ಮಗಳು ತಂದೆಯ ಕಡೆ ನೋಡಿದಳು. ನಿಧಾನಪ್ಪ ಬರುವಾಗ ದಾರಿಯುದ್ದಕ್ಕೂ, ಹೇಳುವುದಿಲ್ಲ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ಮುದುಕರು ನೆಮ್ಮದಿಯಾಗಿರಲಿ ಎಂದುಕೊಂಡೇ ಬಂದಿದ್ದ. ಆ "ಪಾಪ" ಎಂಬ ಒಂದು ಮಾತು ಎಲ್ಲವನ್ನೂ ಕೆಡಿಸಿತು.

"ಮೇಸ್ತ್ರಿ, ತಳಾನೂ ಮುಟ್ಟಿ ನೋಡಿ."

"ಏನಿದೆ ತಳದಲ್ಲಿ?"

"ಮುಟ್ಟಿ."

ಮೇಸ್ತ್ರಿ ದೀಪವನ್ನು ಮಗುಚಿದರು. ಬೆರಳು ಕೊರೆದ ಅಕ್ಷರಗಳನ್ನು ಮುಟ್ಟಿ ನಿಂತಿತು. ಮೊದಲ ಅಕ್ಷರ, ಎರಡನೆಯದು, ಮೂರನೆಯದು.

"ಇದ್ಯಾರ ಹೆಸರು?"

"ಬಳಿದವರದು. ನಿನ್ನೆ ಬಳಿದಿದ್ದು. ದೀಪ ಬಾಲ್ಕನಿಯಲ್ಲಿ ತುಕ್ಕು ಹಿಡಿದಿತ್ತು ಮೇಸ್ತ್ರಿ, ಪೂರ್ತಿ ಕೆರೆದ್ವಿ. ಕೆಳಗೆ ಕೆಂಪು ಪ್ರೈಮರ್ ಇರ್ಲಿಲ್ಲ. ಕೊಕ್ಕೆ ಗುರುತಿತ್ತು."

ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು. ಮೇಸ್ತ್ರಿ ದೀಪವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಸುಳ್ಳು ಸಿಕ್ಕಿಬಿದ್ದ ಮನುಷ್ಯ ನಾಚುತ್ತಾನೆ, ಇಲ್ಲವೇ ಹಾರಾಡುತ್ತಾನೆ. ಇವರು ಎರಡೂ ಮಾಡಲಿಲ್ಲ. ತಿರುಪು ಎಣಿಸುವವರಂತೆ ನಿಧಾನವಾಗಿ ಮಾತಾಡಿದರು.

"ಗುಜರಿಯಲ್ಲಿ ಅಲ್ಲ, ಅಂಗಡಿಯಲ್ಲೇ ತಗೊಂಡಿದ್ದೆ. ಹೊಸದು."

"ಯಾಕೆ ಮೇಸ್ತ್ರಿ?"

"ಯಾಕೆ ಅಂದ್ರೆ? ಆರನೇ ವರ್ಷದಲ್ಲಿ ನೀನು ತಂದ ತಗಡು ನೆನಪಿದೆಯಾ? ಅದನ್ನ ನೋಡಿದ ದಿನ ನನಗೆ ನಿದ್ದೆ ಬರ್ಲಿಲ್ಲ. ನಾನು ಜೀವಮಾನದಲ್ಲಿ ಅಂಥದ್ದು ಬಳಿದಿರ್ಲಿಲ್ಲ. ಆಯ್ತು ಅಂದಿದ್ರೆ ಮಾರನೇ ದಿನ ನೀನು ಹೋಗ್ತಿದ್ದೆ. ನಿನ್ನಂಥ ಕೈ ನನಗೆ ಇನ್ನೆಲ್ಲಿ ಸಿಗ್ತಿತ್ತು?"

ಮೂವತ್ತನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮಾತು. ಬಂದೇ ಬಂತು. ನಿಧಾನಪ್ಪನಿಗೆ ಅದು ಮುಖಕ್ಕೆ ಉಗಿದಂತಾಯಿತು. ಏನಾದರೂ ಅನ್ನಬೇಕು, ಜೋರಾಗಿ ಅನ್ನಬೇಕು ಎಂದು ಬಾಯಿ ತೆರೆದ. "ನನ್ನ ತಗಡುಗಳನ್ನ ಒರೆಸಿ ಹಾಕ್ತಿದ್ರಲ್ಲ" ಎಂದಷ್ಟೇ ಬಂತು.

"ಇಟ್ಟಿದ್ರೆ ನಿನ್ನ ಕಣ್ಣಿಗೇ ಬೀಳ್ತಿತ್ತಲ್ಲೋ," ಎಂದರು ಮೇಸ್ತ್ರಿ.

ಚಹಾ ಬರುವ ಮೊದಲೇ ಅವನು ಎದ್ದ. ಹಿಂದೆ ಮಗಳೂ ಎದ್ದಳು. ದೀಪ ಮುದುಕರ ತೊಡೆಯ ಮೇಲೇ ಇತ್ತು, ಬೆರಳು ಇನ್ನೂ ಆ ಹೆಸರಿನ ಮೇಲೇ ಇತ್ತು.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ನಿಧಾನಪ್ಪನ ಸಿಟ್ಟು ಕಟ್ಟೆಯೊಡೆಯಿತು. ಮೋಸಗಾರ ಎಂದ, ರಕ್ತ ಹೀರಿದ ಎಂದ, ನನ್ನ ಪ್ರಾಯವನ್ನೇ ತಿಂದು ನೀರು ಕುಡಿದ ಎಂದ. ಎದುರು ಬರುತ್ತಿದ್ದವರು ತಿರುಗಿ ನೋಡಿದರು. ಮಗಳು ಕೇಳಿಸಿಕೊಂಡಳು. ಅವನು ಸುಸ್ತಾದ ಮೇಲೆ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತಳು.

"ಪುಟ್ಟೀ, ಮನೆಗೆ ಬಂದ್ಬಿಡು," ಎಂದ ಅವನು. "ಅಂಗಡಿ ನಿಂದು. ಬೆಂಚು ನಿಂದು. ನಿನ್ನ ಕೈ ಚೆನ್ನಾಗಿದೆ ಅಂತ ಅವರ ಬಾಯಲ್ಲೇ ಬಂತಲ್ಲ."

"ಅವರ ಬಾಯಲ್ಲಿ ಬಂತು," ಎಂದಳು ಅವಳು. "ನಿನ್ನ ಬಾಯಲ್ಲಿ ಯಾವಾಗ ಬಂತಪ್ಪ?"

"ನನಗೆ ಗೊತ್ತಿರ್ಲಿಲ್ಲ. ನಾನು ಆ ದೀಪ ನೋಡಿ…"

"ದೀಪ ನೋಡಿದೆ. ನನ್ನ ತಗಡು ನೋಡ್ಲಿಲ್ಲ. ನಿನಗೆ ಅವರು ಸುಳ್ಳು ಹೇಳಿದ್ರು, ಬೈಯೋಕೆ ನಿನಗೆ ಒಬ್ಬ ಮೇಸ್ತ್ರಿ ಸಿಕ್ಕಿದ್ರು. ನಾನು ಯಾರನ್ನ ಬೈಲಿ? ನೀನು ಸುಳ್ಳೂ ಹೇಳ್ಲಿಲ್ಲ." ಅವಳು ಕಂಬದಿಂದ ಬೆನ್ನು ತೆಗೆದು ನೇರ ನಿಂತಳು. "ಹನ್ನೊಂದನೇ ಸಲ ನೀನು ತಲೆ ಆಡಿಸಿದಾಗ ನನ್ನ ಕೈಯಲ್ಲೇ ಏನೋ ಊನ ಇದೆ ಅಂದ್ಕೊಂಡೆ. ಒಂದು ವರ್ಷ ಬ್ರಷ್ ಮುಟ್ಟೋಕೆ ಹೆದರ್ತಿದ್ದೆ. ಕಾರ್ಖಾನೆಯಲ್ಲಿ ಸಂಜೆ ಆದ್ರೆ ಯಾರಾದ್ರೂ ಬಂದು, ಇದು ಸರಿ, ಇದು ಸರಿಯಿಲ್ಲ ಅಂತಾರೆ. ಅಷ್ಟು ಸಾಕು ನನಗೆ. ನಾಳೆ ಸಹಿ ಹಾಕ್ತೀನಪ್ಪ."

"ಮೂರು ವರ್ಷ ಅಲ್ವಾ…"

"ಹೌದು. ನಿನ್ನ ಹತ್ರ ಕಳೆದ ಐದೂವರೆ ವರ್ಷಕ್ಕಿಂತ ಕಮ್ಮಿನೇ."

ಬಸ್ಸು ಬಂತು. ಹತ್ತುವಾಗ ಅವನ ಅಂಗಿಯ ತೋಳಿಗೆ ಹತ್ತಿದ್ದ ಹಸಿರು ಚುಕ್ಕೆಯನ್ನು ಉಗುರಿನಿಂದ ಕೆರೆದು, "ಥಿನ್ನರ್‌ನಲ್ಲಿ ಒರೆಸ್ಕೋ" ಎಂದಳು.

ನಿಧಾನಪ್ಪ ಅಂಗಡಿಗೆ ಹೋಗಿ ಬಾಗಿಲು ತೆರೆದ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೆಂಚಿನ ಮೇಲೆ ಬಿದ್ದಿತ್ತು. ಮೊಳೆಯಿಂದ ಹನ್ನೊಂದು ತಗಡುಗಳನ್ನೂ ಇಳಿಸಿದ. ಅವುಗಳ ಪಕ್ಕದಲ್ಲಿ ಹಿಡಿಯಲು ಈಗ ದೀಪವಿರಲಿಲ್ಲ. ಒಂದನೆಯದನ್ನು ಬೆಳಕಿಗೆ ಓರೆಯಾಗಿ ಹಿಡಿದ, ಗೆರೆಗಳಿದ್ದವು. ಎರಡನೆಯದರಲ್ಲಿ ಕಡಿಮೆ. ಮೂರನೆಯದರಲ್ಲಿ ಅಂಚಿನಲ್ಲಿ ಮಾತ್ರ.

ನಾಲ್ಕನೆಯದರಲ್ಲಿ ಒಂದೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಐದು, ಆರು, ಏಳು, ಹನ್ನೊಂದರವರೆಗೂ ನೋಡಿದ, ಅವುಗಳಲ್ಲೂ ಇಲ್ಲ. ನಾಲ್ಕನೆಯದನ್ನು ಮಗುಚಿ, ಅದರ ಹಿಂದೆ ತನ್ನದೇ ಅಕ್ಷರದಲ್ಲಿದ್ದ ಎರಡು ಮಾತನ್ನೂ ಅದರ ಕೆಳಗಿನ ತಾರೀಖನ್ನೂ ಓದಿದ. ಅದನ್ನು ಬಳಿದಾಗ ಅವಳಿಗೆ ಇಪ್ಪತ್ತು ವರ್ಷ.